ಕಂಪನಿ, ಸರ್ವೀಸ್, ನಿಗಮ: ನಮ್ಮ ಊರಿನ ಸಿಟಿ ಬಸ್ಸು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)

 

ಶಿಕ್ಷಣದ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಬೆಂಗಳೂರಿನ ಸಿಟಿ ಬಸ್ಸನ್ನು ಆರಿಸಿಕೊಂಡೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಕಾರಣವನ್ನು ತಮಗೂ ಹೇಳಿಬಿಡುತ್ತೇನೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ಮಕ್ಕಳನ್ನು ಕರೆದುಕೊಂಡು ತಂದೆತಾಯಿ ಸಲಹೆ ಕೇಳಲು ಬರುತ್ತಾರೆ. ಯಾವ ಕಾಲೇಜು, ಯಾವ ವಿಭಾಗ, ಫೀಸು ಎಷ್ಟು ಎಂದು ಕೇಳುತ್ತಾರೆ. ಇವೆಲ್ಲ ಮುಗಿದ ಮೇಲೆ, ಹುಡುಗಿಯಾಗಿದ್ದರೆ, ತಾಯಿ ಮೆಲ್ಲಗೆ ಕೇಳುವ ಪ್ರಶ್ನೆ ಒಂದೇ: "ಟೀಚರ್, ಎಷ್ಟು ಬಸ್ಸು ಬದಲಾಯಿಸಬೇಕು? ಸಾಯಂಕಾಲ ಎಷ್ಟು ಗಂಟೆಗೆ ಮನೆಗೆ ಬರ್ತಾಳೆ?" ಒಂದೇ ಬಸ್ಸು ಎಂದರೆ ಅರ್ಜಿ ತುಂಬುತ್ತಾರೆ. ಎರಡು ಬಸ್ಸು, ಕತ್ತಲಾಗುತ್ತದೆ ಎಂದರೆ ಅಂಕಪಟ್ಟಿಯಲ್ಲಿ ಎಷ್ಟೇ ಅಂಕ ಇರಲಿ, ಮನೆಯ ಹತ್ತಿರ ಯಾವುದಿದೆಯೋ ಅದೇ ಸಾಕು ಎನ್ನುತ್ತಾರೆ. ಆ ಮಗುವಿನ ಓದು ಎಲ್ಲಿಯವರೆಗೆ ಎಂಬುದು ಆ ಹೊತ್ತಿಗೆ ತೀರ್ಮಾನವಾಗುತ್ತದೆ. ಹೀಗಿರುವಾಗ ಬಸ್ಸು ಶಿಕ್ಷಣದ ವಿಷಯ ಹೌದೋ ಅಲ್ಲವೋ, ತಾವೇ ಹೇಳಿ.

ಈಗ ಚರಿತ್ರೆಗೆ ಬರೋಣ. ಬೆಂಗಳೂರಿನ ಸಿಟಿ ಬಸ್ಸಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಹೆಸರುಗಳಿದ್ದವು. ಅವುಗಳಲ್ಲಿ ಮೂರನ್ನು ಗಮನಿಸಿದರೆ ಅರ್ಧ ಚರಿತ್ರೆ ಅಲ್ಲೇ ಇದೆ. ಮೊದಲನೆಯದು ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ, ಅಂದರೆ ಬಿ.ಟಿ.ಸಿ. ಎರಡನೆಯದು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವೀಸ್, ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಇರುವ ಬಿ.ಟಿ.ಎಸ್. ಮೂರನೆಯದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ, ಬಿ.ಎಂ.ಟಿ.ಸಿ. ಮೊದಲು ಕಂಪನಿ, ಆಮೇಲೆ ಸರ್ವೀಸ್, ಆಮೇಲೆ ಕಾರ್ಪೊರೇಷನ್, ಅಂದರೆ ನಿಗಮ. ಕಂಪನಿ ಎಂದರೆ ಲಾಭ ನೋಡಬೇಕಾದದ್ದು. ಸರ್ವೀಸ್ ಎಂದರೆ ಸೇವೆ. ನಿಗಮ ಎಂದರೆ ಎರಡನ್ನೂ ಹೊತ್ತುಕೊಂಡದ್ದು. ಈ ಮೂರು ಪದಗಳ ನಡುವಿನ ಎಳೆದಾಟ ಇಂದಿಗೂ ಮುಗಿದಿಲ್ಲ, ಅದರ ಪರಿಣಾಮ ನಿಮ್ಮ ಬಸ್ ಸ್ಟಾಪಿನಲ್ಲಿ ದಿನವೂ ಕಾಣುತ್ತದೆ.

ಕಂಪನಿ ಹುಟ್ಟಿದ್ದು 1940ರಲ್ಲಿ, 98 ಬಸ್ಸುಗಳೊಂದಿಗೆ. ಆಗ ಬೆಂಗಳೂರು ಎಂದರೆ ಎರಡು ಊರು. ಒಂದು ಮೈಸೂರು ಮಹಾರಾಜರ ಆಡಳಿತದ ಪೇಟೆ, ಇನ್ನೊಂದು ಬ್ರಿಟಿಷರ ಆಡಳಿತದ ದಂಡು. ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ, ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. 1941ರ ಜನಗಣತಿಯ ಹೊತ್ತಿಗೆ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ. ಅಷ್ಟು ಜನರಲ್ಲಿ ಬಹುಪಾಲು ನಡೆದೇ ಓಡಾಡುತ್ತಿದ್ದರು, ಅನುಕೂಲವಿದ್ದವರು ಸೈಕಲ್ ಇಲ್ಲವೇ ಜಟಕಾ ಹಿಡಿಯುತ್ತಿದ್ದರು.

1956ರಲ್ಲಿ ಸರ್ಕಾರ ಕಂಪನಿಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಹೆಸರಿನ ಕೊನೆಯ ಪದ ಬದಲಾಯಿತು, ಬಿ.ಟಿ.ಸಿ. ಹೋಗಿ ಬಿ.ಟಿ.ಎಸ್. ಆಯಿತು. 1961ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾದ ಮೇಲೆ ಬಿ.ಟಿ.ಎಸ್. ಅದರ ಭಾಗವಾಯಿತು. ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವಾದಾಗ ಆ ನಿಗಮವೂ ಕೆ.ಎಸ್.ಆರ್.ಟಿ.ಸಿ. ಆಯಿತು. ಹೀಗೆ ದೊಡ್ಡ ಸಂಸ್ಥೆಯ ಒಳಗೆ ಊರಿನ ಬಸ್ಸು ಬಹುಕಾಲ ಇದ್ದು, 1997ರ ಆಗಸ್ಟ್ 15ರಂದು ಬೇರೆಯಾಗಿ ಬಿ.ಎಂ.ಟಿ.ಸಿ. ಎಂಬ ಪ್ರತ್ಯೇಕ ನಿಗಮವಾಯಿತು.

ಬಿ.ಟಿ.ಎಸ್. ಕಾಲದ ಒಂದು ತಮಾಷೆಯನ್ನು ಹಿರಿಯರು ಮರೆತಿರಲಾರರು. ಬಿ.ಟಿ.ಎಸ್. ಎಂದರೆ "ಬಿಟ್ರೆ ತಿರ್ಗಾ ಸಿಗಲ್ಲ" ಎನ್ನುತ್ತಿದ್ದರು. ನಗಬಹುದು, ಆದರೆ ಬಸ್ಸು ಕಾಯುವವನ ಕಷ್ಟವನ್ನು ಮೂರೇ ಪದದಲ್ಲಿ ಹೇಳಿದ ಆ ಅನಾಮಧೇಯನಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಇನ್ನು ವಿದ್ಯಾರ್ಥಿಗಳಿಗೆ ಪ್ರಿಯವಾದ ಒಂದು ಸಂಗತಿ. ಚಿತ್ರನಟ ರಜನೀಕಾಂತ್ ಸಿನಿಮಾಗೆ ಹೋಗುವ ಮುನ್ನ ಇದೇ ಬಿ.ಟಿ.ಎಸ್.ನಲ್ಲಿ ಕಂಡಕ್ಟರ್ ಆಗಿದ್ದರು, ಆಗ ಅವರ ಹೆಸರು ಶಿವಾಜಿರಾವ್ ಗಾಯಕವಾಡ್. 2023ರಲ್ಲಿ ಅವರು ಜಯನಗರದ ಡಿಪೋಗೆ ಬಂದು ನೌಕರರನ್ನು ಮಾತನಾಡಿಸಿ ಹೋದರು. ಮಾತು ದಾರಿ ತಪ್ಪುವ ಮೊದಲು ವಿಷಯಕ್ಕೆ ಬರುತ್ತೇನೆ.

ಬಿ.ಎಂ.ಟಿ.ಸಿ. ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಪ್ರಕಾರ. ಇದು ಕೇಂದ್ರದ ಕಾಯ್ದೆ, ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಪಿ.ಯು. ಓದುವವರು ಒಮ್ಮೆ ತೆರೆದು ನೋಡಿ. ಅದರ 18ನೆಯ ವಿಧಿಯಲ್ಲಿ ನಿಗಮದ ಕರ್ತವ್ಯ ಹೇಳಿದೆ: ದಕ್ಷವಾದ, ಸಾಕಷ್ಟು ಪ್ರಮಾಣದ, ಮಿತವ್ಯಯದ, ಪರಸ್ಪರ ಹೊಂದಾಣಿಕೆಯುಳ್ಳ ಸಾರಿಗೆ ವ್ಯವಸ್ಥೆಯನ್ನು ಒದಗಿಸುವುದು ಎಂಬುದು ಅದರ ತಾತ್ಪರ್ಯ. "ಸಾಕಷ್ಟು ಪ್ರಮಾಣದ" ಎಂಬ ಮಾತಿಗೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ನಾಲ್ಕು ವಿಧಿ ಮುಂದೆ ಹೋದರೆ 22ನೆಯದು ಇದೆ, ಅಲ್ಲಿ ನಿಗಮವು ವ್ಯಾಪಾರದ ತತ್ವಗಳಂತೆ ನಡೆದುಕೊಳ್ಳಬೇಕು ಎಂದಿದೆ. ಒಂದೇ ಕಾಯ್ದೆ ಒಂದು ಕೈಯಲ್ಲಿ ಸರ್ವೀಸನ್ನೂ ಇನ್ನೊಂದು ಕೈಯಲ್ಲಿ ಕಂಪನಿಯನ್ನೂ ಹಿಡಿದು ನಿಂತಿದೆ. ಅಧಿಕಾರಿಗಳು ಒಮ್ಮೆ ಆ ಕೈ ನೋಡುತ್ತಾರೆ, ಒಮ್ಮೆ ಈ ಕೈ ನೋಡುತ್ತಾರೆ.

ಇದು ಬರೀ ಕಾನೂನಿನ ಮಾತಲ್ಲ. ಬಸ್ಸಿನ ಲೆಕ್ಕ ಇಡುವುದು ಕಿಲೋಮೀಟರಿನಲ್ಲಿ. ಒಂದು ಕಿಲೋಮೀಟರ್ ಓಡಿದರೆ ಎಷ್ಟು ಆದಾಯ, ಎಷ್ಟು ಖರ್ಚು ಎಂಬುದು ಡಿಪೋದ ನಿತ್ಯ ಪಾಠ. ಖರ್ಚಿನಲ್ಲಿ ಡೀಸೆಲ್, ಸಂಬಳ, ಟಯರು, ಬಿಡಿಭಾಗ ಎಲ್ಲ ಸೇರುತ್ತದೆ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಕಡೆ ಹೋಗುವ ಬಸ್ಸು ತುಂಬಿ ಹೋಗುತ್ತದೆ, ಆದಾಯ ಚೆನ್ನಾಗಿರುತ್ತದೆ. ಊರಿನ ಅಂಚಿನ ಒಂದು ಬಡಾವಣೆಗೆ ಮಧ್ಯಾಹ್ನ ಎರಡು ಗಂಟೆಗೆ ಹೋಗುವ ಬಸ್ಸಿನಲ್ಲಿ ಹತ್ತು ಜನ ಇರುತ್ತಾರೆ. ವ್ಯಾಪಾರದ ತತ್ವ ಆ ಟ್ರಿಪ್ಪನ್ನು ರದ್ದು ಮಾಡು ಎನ್ನುತ್ತದೆ. ಆ ಹತ್ತು ಜನರಲ್ಲಿ ನಾಲ್ಕು ಮಂದಿ ಕಾಲೇಜಿನಿಂದ ಮರಳುವ ಹುಡುಗಿಯರಾಗಿದ್ದರೆ, ಆ ಟ್ರಿಪ್ಪು ನಿಂತ ದಿನ ಅವರ ಓದಿಗೆ ಏನಾಯಿತು ಎಂಬುದನ್ನು ಬರೆಯಲು ಡಿಪೋದ ಪುಸ್ತಕದಲ್ಲಿ ಅಂಕಣವಿಲ್ಲ. ತಪ್ಪು ಡಿಪೋದವರದ್ದು ಎಂದು ನಾನು ಹೇಳುತ್ತಿಲ್ಲ. ಆ ಲೆಕ್ಕವನ್ನು ಅವರ ಮುಂದೆ ಇಡಬೇಕಾದವರು ಬೇರೆಯವರು, ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಬಿ.ಎಂ.ಟಿ.ಸಿ. ಯಾವಾಗಲೂ ನಷ್ಟದಲ್ಲೇ ಇತ್ತು ಎಂದುಕೊಳ್ಳಬೇಡಿ. 2000ದ ದಶಕದಲ್ಲಿ ಅದು ಲಾಭ ತೋರಿಸುತ್ತಿದ್ದ ಸಂಸ್ಥೆ, ದೇಶದ ಬೇರೆ ನಗರಗಳವರು ಬಂದು ನೋಡಿ ಹೋಗುತ್ತಿದ್ದ ಕಾಲ ಅದು. ಆ ದಶಕದ ಮಧ್ಯದಲ್ಲಿ ವೋಲ್ವೊ ಹವಾನಿಯಂತ್ರಿತ ಬಸ್ಸುಗಳು ಬಂದವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಾಗ ವಾಯುವಜ್ರ ಬಂತು. ಕೇಂದ್ರದ ನರ್ಮ್ ಯೋಜನೆಯ ಹಣದಲ್ಲಿ ಶಾಂತಿನಗರ, ಜಯನಗರ, ವಿಜಯನಗರ, ಯಶವಂತಪುರ ಮುಂತಾದ ಕಡೆ ದೊಡ್ಡ ದೊಡ್ಡ ಬಸ್ ನಿಲ್ದಾಣ ಸಂಕೀರ್ಣಗಳು ಎದ್ದವು. ಮೇಲಿನ ಮಹಡಿಗಳ ಬಾಡಿಗೆಯಿಂದ ಆದಾಯ ಬರುತ್ತದೆ ಎಂಬ ಲೆಕ್ಕಾಚಾರ. ಆ ಸಿಮೆಂಟಿನ ಒಂದು ಪಾಲನ್ನಾದರೂ ಸಾಮಾನ್ಯ ಬಸ್ ಸ್ಟಾಪಿನ ನೆರಳಿಗೆ, ಕೂರುವ ಬೆಂಚಿಗೆ ಹಾಕಿದ್ದರೆ ಹೆಚ್ಚು ಜನಕ್ಕೆ ಉಪಯೋಗವಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. 2010ರ ದಶಕದಲ್ಲಿ ಸಂಸ್ಥೆ ನಷ್ಟಕ್ಕೆ ಇಳಿಯಿತು. ಬಸ್ಸುಗಳ ಸಂಖ್ಯೆ ಸುಮಾರು 6,000ದಿಂದ 7,000ದ ನಡುವೆ ವರ್ಷಗಟ್ಟಲೆ ನಿಂತುಬಿಟ್ಟಿತು. ಊರು ಮಾತ್ರ ನಿಲ್ಲಲಿಲ್ಲ. 2011ರ ಜನಗಣತಿಯಲ್ಲಿ 84 ಲಕ್ಷ ಇದ್ದ ನಗರ ಆಮೇಲೂ ಬೆಳೆಯುತ್ತಲೇ ಹೋಯಿತು, ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿತು.

ಇಲ್ಲಿ ಒಂದು ಲೆಕ್ಕ ಮಾಡೋಣ. ಎಂಟನೆಯ ತರಗತಿಯವರೂ ಮಾಡಬಹುದು. ಒಂದು ಮಾರ್ಗದಲ್ಲಿ 6 ಬಸ್ಸುಗಳಿವೆ ಎಂದಿಟ್ಟುಕೊಳ್ಳಿ. ಹೋಗಿ ಬರಲು ಒಂದು ಬಸ್ಸಿಗೆ 60 ನಿಮಿಷ ಬೇಕು. ಹಾಗಾದರೆ ಸ್ಟಾಪಿನಲ್ಲಿ ನಿಂತವರಿಗೆ 10 ನಿಮಿಷಕ್ಕೊಂದು ಬಸ್ಸು. ಈಗ ರಸ್ತೆಯಲ್ಲಿ ಕಾರು, ಸ್ಕೂಟರು ಹೆಚ್ಚಿ, ಅದೇ ಮಾರ್ಗಕ್ಕೆ 90 ನಿಮಿಷ ಹಿಡಿಯುತ್ತದೆ. ಬಸ್ಸು ಅದೇ 6, ಚಾಲಕರು ಅವರೇ, ಡೀಸೆಲ್ ಮೊದಲಿಗಿಂತ ಹೆಚ್ಚು. ಆದರೆ ನಿಮಗೆ ಸಿಗುವುದು 15 ನಿಮಿಷಕ್ಕೊಂದು. ಒಂದೇ ಒಂದು ಬಸ್ಸನ್ನೂ ತೆಗೆಯದೆ ಮೂರರಲ್ಲೊಂದು ಭಾಗ ಸೇವೆ ಮಾಯವಾಯಿತು. ಕಾದು ಬೇಸತ್ತವನು ಸಾಲ ಮಾಡಿ ಸ್ಕೂಟರು ಕೊಳ್ಳುತ್ತಾನೆ, ರಸ್ತೆ ಇನ್ನಷ್ಟು ತುಂಬುತ್ತದೆ, ಬಸ್ಸು ಇನ್ನಷ್ಟು ನಿಧಾನ. ಈ ಸುಳಿಯನ್ನು ತಪ್ಪಿಸಲು 2019ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಬಸ್ಸಿಗೇ ಪ್ರತ್ಯೇಕ ಪಥ ಮಾಡಿದರು. ಒಳ್ಳೆಯ ಪ್ರಯತ್ನ. ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಅದು ಅಳಿಸಿಹೋಯಿತು. ಮೆಟ್ರೊ ಬೇಡವೆನ್ನುವವನು ನಾನಲ್ಲ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ಎಲ್ಲರಂತೆ ನನಗೂ ಸಂತೋಷವಾಗಿತ್ತು. ಆದರೆ ಮೆಟ್ರೊ ನಿಲ್ದಾಣದಿಂದ ಗಲ್ಲಿಯ ತುದಿಯವರೆಗೆ ಬರಬೇಕಾದದ್ದು ಬಸ್ಸೇ.

ಇನ್ನು ಒಂದು ಬಸ್ಸು ರಸ್ತೆಗೆ ಬರುವುದರ ಹಿಂದೆ ಏನೇನಿದೆ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಬಸ್ಸು ಸೇರಿರುವುದು ಒಂದು ಡಿಪೋಗೆ, ಅದನ್ನು ಘಟಕ ಎಂದೂ ಕರೆಯುತ್ತಾರೆ. ಪ್ರತಿ ಬಸ್ಸಿಗೆ ಒಂದು ಶೆಡ್ಯೂಲ್ ಇರುತ್ತದೆ: ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಟ್ರಿಪ್ಪು, ಎಲ್ಲಿ ಊಟ, ಎಲ್ಲಿ ಪಾಳಿ ಬದಲು. ನಸುಕಿನಲ್ಲಿ ಮೊದಲ ಬಸ್ಸು ಹೊರಡಬೇಕಾದರೆ ಚಾಲಕ, ನಿರ್ವಾಹಕರು ಅದಕ್ಕೂ ಮೊದಲೇ ಬಂದು ಸಹಿ ಮಾಡಿ, ಬಸ್ಸು ನೋಡಿಕೊಂಡು, ಟಿಕೆಟ್ ಯಂತ್ರ ಪಡೆದಿರಬೇಕು. ರಾತ್ರಿ ಮೆಕ್ಯಾನಿಕ್‌ಗಳು ಬ್ರೇಕು, ಎಣ್ಣೆ, ಗಾಳಿ ನೋಡಿರಬೇಕು. ಕೆಲವು ಬಸ್ಸುಗಳು ರಾತ್ರಿ ಊರಾಚೆಯ ಹಳ್ಳಿಯಲ್ಲೇ ತಂಗುತ್ತವೆ, ಬೆಳಿಗ್ಗೆ ಅಲ್ಲಿಂದಲೇ ಹೊರಡಲಿ ಎಂದು. ಹೀಗೆ ಎಲ್ಲ ಬಸ್ಸುಗಳೂ ಸೇರಿ ದಿನಕ್ಕೆ ಓಡುವ ದೂರ 10 ಲಕ್ಷ ಕಿಲೋಮೀಟರಿಗೂ ಹೆಚ್ಚು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಎಂದು ಭೂಗೋಳದಲ್ಲಿ ಓದಿದ್ದೀರಿ. ಭಾಗಾಕಾರ ಮಾಡಿ ನೋಡಿ, ನಮ್ಮ ಬಸ್ಸುಗಳು ಒಂದೇ ದಿನದಲ್ಲಿ ಭೂಮಿಯನ್ನು ಇಪ್ಪತ್ತೈದು ಸುತ್ತು ಹಾಕುತ್ತವೆ.

ಭಾಷೆಯ ಮೇಷ್ಟ್ರಾದ್ದರಿಂದ ಇಲ್ಲೊಂದು ಮಾತು ಹೇಳದೆ ಇರಲಾರೆ. ಕಂಡಕ್ಟರ್ ಲೆಕ್ಕ ಒಪ್ಪಿಸುವಾಗ ಬಳಸುವ ಪದಗಳನ್ನು ಗಮನಿಸಿ: ಜಮಾ, ಬಾಕಿ, ವಸೂಲಿ, ಖರ್ಚು. ಎಲ್ಲವೂ ಅರಬ್ಬಿ, ಫಾರಸಿಯಿಂದ ಬಂದು ಉರ್ದುವಿನಲ್ಲೂ ಕನ್ನಡದಲ್ಲೂ ಸಮಾನವಾಗಿ ಕುಳಿತ ಪದಗಳು. ಬಸ್ಸು ಓಡುವ ರಸ್ತೆಯೂ ಅಷ್ಟೇ, ಉರ್ದುವಿನ ರಾಸ್ತಾ ಕನ್ನಡದಲ್ಲಿ ರಸ್ತೆ. ಉರ್ದು ಮಾಧ್ಯಮದ ಚಿಕ್ಕ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ನನಗೆ ಬಸ್ಸಿನ ಬೋರ್ಡಿಗಿಂತ ಒಳ್ಳೆಯ ಪಾಠ ಸಿಕ್ಕಿಲ್ಲ. ಶಿವಾಜಿನಗರ ಎಂಬ ಒಂದೇ ಪದದಲ್ಲಿ ಗುಣಿತಾಕ್ಷರವಿದೆ, ದೀರ್ಘವಿದೆ. ಕೆ.ಆರ್. ಮಾರುಕಟ್ಟೆ ಎಂದರೆ ಒತ್ತಕ್ಷರ ಬರುತ್ತದೆ. ಪುಸ್ತಕದಲ್ಲಿ ತಡವರಿಸುವ ಹುಡುಗ ಬಸ್ಸು ಬರುತ್ತಿರುವಾಗ ದೂರದಿಂದಲೇ ಬೋರ್ಡು ಓದಿ ಓಡುತ್ತಾನೆ!

ಇದು ಬರೀ ತಮಾಷೆಗೆ ಹೇಳಿದ್ದಲ್ಲ. 2024ರಲ್ಲಿ ಬಿ.ಎಂ.ಟಿ.ಸಿ. ಸುಮಾರು 2,500 ನಿರ್ವಾಹಕರ ಹುದ್ದೆಗಳಿಗೆ ಅರ್ಜಿ ಕರೆದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಪರೀಕ್ಷೆ ನಡೆಸಿತು. ಪಿ.ಯು.ಸಿ. ಅಥವಾ ಅದಕ್ಕೆ ಸಮಾನವಾದ ವಿದ್ಯಾರ್ಹತೆ, ಕಂಡಕ್ಟರ್ ಲೈಸೆನ್ಸು ಮತ್ತು ಬ್ಯಾಡ್ಜು ಬೇಕಿತ್ತು. ಅದರ ಜೊತೆಗೆ ಕನ್ನಡ ಭಾಷಾ ಪರೀಕ್ಷೆಯೂ ಇತ್ತು. ನಮ್ಮ ಓಣಿಗಳಲ್ಲಿ ಪಿ.ಯು.ಸಿ. ಮುಗಿಸಿ ಕೆಲಸವಿಲ್ಲದೆ ಗಾಡಿ ಓಡಿಸುವ, ಡೆಲಿವರಿ ಮಾಡುವ ಯುವಕರು ಎಷ್ಟೊಂದು ಮಂದಿ ಇದ್ದಾರೆ. ಹೆಣ್ಣುಮಕ್ಕಳೂ ನಿರ್ವಾಹಕರಾಗಿ ದುಡಿಯುತ್ತಿರುವುದನ್ನು ನೀವು ದಿನವೂ ನೋಡುತ್ತೀರಿ. ಸರ್ಕಾರಿ ನಿಗಮದ ಕಾಯಂ ಕೆಲಸ ಎಂದರೆ ಒಂದು ಮನೆ ನಿಲ್ಲುತ್ತದೆ. ಮತ್ತೊಮ್ಮೆ ಅರ್ಜಿ ಕರೆದಾಗ ಲೈಸೆನ್ಸಿಗೆ ಓಡಾಡುವುದಕ್ಕೆ ಸಮಯ ಇರುವುದಿಲ್ಲ, ಕನ್ನಡ ಕಲಿಯುವುದಕ್ಕಂತೂ ಇರುವುದೇ ಇಲ್ಲ. ಎರಡನ್ನೂ ಮೊದಲೇ ಮಾಡಿಟ್ಟುಕೊಳ್ಳಬೇಕು. ಕೆಲಸ ಸುಲಭ ಎಂದು ಮಾತ್ರ ನಾನು ಹೇಳಲಾರೆ. ಚಿಲ್ಲರೆಯ ಜಗಳ, ನೂಕುನುಗ್ಗಲು, ತನಿಖೆಯವರ ಭಯ ಎಲ್ಲ ಇದೆ. 2020ರ ಡಿಸೆಂಬರ್‌ನಲ್ಲಿ ಹಾಗೂ 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಮುಷ್ಕರ ಮಾಡಿದ್ದು ಸುಮ್ಮನೆ ಅಲ್ಲ.

ಈಗ ದರದ ಮಾತು. ಸುಮಾರು ಹತ್ತು ವರ್ಷ ಬಸ್ ದರ ಏರಿರಲಿಲ್ಲ. 2025ರ ಜನವರಿ 5ರಿಂದ ಶೇಕಡಾ 15ರಷ್ಟು ಏರಿತು, 5 ರೂಪಾಯಿ ಇದ್ದ ಕನಿಷ್ಠ ದರ 6 ಆಯಿತು. ಇದಕ್ಕೆ ಮುಂಚೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ಕರ್ನಾಟಕದ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಉಚಿತ ಕೊಟ್ಟು ಹಾಳು ಮಾಡುತ್ತಾರೆ ಎಂದು ಟೀಕಿಸುವವರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವ ತಾಯಿಗೆ ಬಸ್ಸಿನ ಹಣ ಉಳಿದರೆ ಅದು ಮಗಳ ನೋಟ್‌ಬುಕ್ಕಿಗೆ ಬರುತ್ತದೆ. ಇದು ತರಗತಿಯಲ್ಲಿ ನನಗೆ ಕಂಡ ಸಂಗತಿ. ಆದರೆ ಟೀಕೆಯಲ್ಲಿ ಒಂದು ನ್ಯಾಯವೂ ಇದೆ. ದರ ಸೊನ್ನೆಯಾದರೂ ಬಸ್ಸೇ ಬಾರದಿದ್ದರೆ ಪ್ರಯೋಜನವೇನು? ಮೊದಲು ಹಣವಿಲ್ಲದೆ ಹತ್ತದವರು ಈಗ ಜಾಗವಿಲ್ಲದೆ ಹತ್ತದಂತಾಗಬಾರದು.

ಇದಕ್ಕೆ ಸಂಬಂಧಿಸಿ ಹೆಣ್ಣುಮಕ್ಕಳು ಮಾಡಬೇಕಾದ ಒಂದು ಸಣ್ಣ ಕೆಲಸ ಇದೆ. ಉಚಿತವಾದರೂ ಟಿಕೆಟ್ ಪಡೆಯಲೇಬೇಕು, ಅದನ್ನು ಶೂನ್ಯ ಟಿಕೆಟ್ ಎನ್ನುತ್ತಾರೆ. ಬಸ್ಸು ತುಂಬಿದೆ, ಎರಡೇ ಸ್ಟಾಪು, ಏಕೆ ಕೇಳುವುದು ಎಂದು ಕೆಲವರು ಸುಮ್ಮನಿರುತ್ತಾರೆ. ಹಾಗೆ ಮಾಡಬೇಡಿ. ಆ ಟಿಕೆಟಿನ ಮೊತ್ತದ ಆಧಾರದ ಮೇಲೆಯೇ ಸರ್ಕಾರ ಸಂಸ್ಥೆಗೆ ಹಣ ಕೊಡಬೇಕಾಗಿರುವುದು. ಅದಕ್ಕಿಂತ ಮುಖ್ಯವಾಗಿ, ಆ ಮಾರ್ಗದಲ್ಲಿ ಆ ಹೊತ್ತಿಗೆ ನೀವು ಹೋದಿರಿ ಎಂಬುದಕ್ಕೆ ಯಂತ್ರದಲ್ಲಿ ಉಳಿಯುವ ಸಾಕ್ಷಿ ಅದೊಂದೇ. ಟಿಕೆಟ್ ಇಲ್ಲದೆ ಇಳಿದವಳು ಲೆಕ್ಕದಲ್ಲಿ ಪ್ರಯಾಣ ಮಾಡಿಯೇ ಇಲ್ಲ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸವಿರಬೇಕು. ಬೇರೆ ರಾಜ್ಯದಿಂದ ಬಂದು ನೆಲೆಸಿದ ಕುಟುಂಬಗಳು ನಮ್ಮಲ್ಲಿ ಸಾಕಷ್ಟಿವೆ, ಅವರು ಇದನ್ನು ಗಮನಿಸಬೇಕು. ಇನ್ನು ಗಂಡುಮಕ್ಕಳಿಗೆ ವಿದ್ಯಾರ್ಥಿ ರಿಯಾಯಿತಿ ಪಾಸ್ ಇದೆ. ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಅರ್ಜಿ ಹಾಕಬೇಕು, ಬೆಂಗಳೂರು ಒನ್ ಕೇಂದ್ರಗಳಲ್ಲಿ ಪಾಸ್ ಕೊಡುತ್ತಾರೆ. ಕಾಗದಪತ್ರ ಹೊಂದಿಸುವುದಕ್ಕೆ ಸೋಮಾರಿತನ ಮಾಡಿ ದಿನವೂ ಟಿಕೆಟ್ ಹಣ ಕೊಡುವ ಹುಡುಗರು, ಅದನ್ನು ಮನೆಯಲ್ಲಿ ಕೇಳುವಾಗ ತಂದೆಯ ಮುಖ ನೋಡಿದರೆ ಒಳ್ಳೆಯದು.

ಕೊನೆಗೆ ಕಂಪನಿಯ ಮಾತು ಮತ್ತೆ ಬರುತ್ತದೆ, ಏಕೆಂದರೆ ಕಂಪನಿಯೇ ಮತ್ತೆ ಬಂದಿದೆ. 2021ರ ಕೊನೆಯಲ್ಲಿ ಬೆಂಗಳೂರಿಗೆ ವಿದ್ಯುತ್ ಬಸ್ಸುಗಳು ಕಾಲಿಟ್ಟವು. 2022ರಲ್ಲಿ ಟಾಟಾ ಸಮೂಹದ ಕಂಪನಿಯೊಂದಿಗೆ 921 ಬಸ್ಸುಗಳಿಗೆ 12 ವರ್ಷಗಳ ಒಪ್ಪಂದವಾಯಿತು. 2025ರಲ್ಲಿ ಕೇಂದ್ರದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ವಿದ್ಯುತ್ ಬಸ್ಸುಗಳು ಹಂಚಿಕೆಯಾದವು. ಹೊಗೆ ಇಲ್ಲ, ಸದ್ದು ಕಡಿಮೆ, ಒಳ್ಳೆಯದೇ. ಆದರೆ ಒಳಗಿನ ವ್ಯವಸ್ಥೆ ತಿಳಿದಿರಲಿ. ಇಂಥ ಒಪ್ಪಂದದಲ್ಲಿ ಬಸ್ಸು ಕಂಪನಿಯದು, ಚಾಲಕ ಕಂಪನಿಯವನು, ನಿರ್ವಾಹಕ ಬಿ.ಎಂ.ಟಿ.ಸಿ.ಯವನು. ಬಸ್ಸು ಎಷ್ಟು ಕಿಲೋಮೀಟರ್ ಓಡಿತೋ ಅಷ್ಟಕ್ಕೆ ಬಿ.ಎಂ.ಟಿ.ಸಿ. ಕಂಪನಿಗೆ ಹಣ ಕೊಡುತ್ತದೆ. ಬಸ್ಸು ತುಂಬಿದೆಯೋ ಖಾಲಿಯೋ ಕಂಪನಿಗೆ ಸಂಬಂಧವಿಲ್ಲ. ಇದರಲ್ಲಿ ಅನುಕೂಲವಿದೆ: ಸಾವಿರಾರು ಬಸ್ಸುಗಳನ್ನು ಒಮ್ಮೆಲೇ ಕೊಳ್ಳುವ ಹಣ ನಿಗಮದ ಬಳಿ ಇಲ್ಲ, ಈ ದಾರಿಯಲ್ಲಿ ಹೊಸ ಬಸ್ಸು ಬೇಗ ಬರುತ್ತವೆ. ಚಿಂತೆಯೂ ಇದೆ. ಸ್ಟಾಪಿನಲ್ಲಿ ಬಸ್ಸು ನಿಲ್ಲಿಸದೆ ಹೋದ ಚಾಲಕನನ್ನು ಕೇಳಬೇಕಾದವರು ಯಾರು, ಡಿಪೋದವರೋ, ಕಂಪನಿಯ ಮ್ಯಾನೇಜರೋ? ಚಾಲಕನ ಸಂಬಳ ಎಷ್ಟು, ಕೆಲಸ ಎಷ್ಟು ಕಾಯಂ? 1956ರಲ್ಲಿ ಹೊರಗೆ ಹೋದದ್ದು ಬೇರೆ ಬಾಗಿಲಿನಿಂದ ಒಳಗೆ ಬರುತ್ತಿರುವಾಗ, ಮಾರ್ಗ ಯಾವುದು, ಹೊತ್ತು ಯಾವುದು, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ತೀರ್ಮಾನಿಸುವ ಅಧಿಕಾರ ನಿಗಮದ ಕೈಯಲ್ಲೇ ಗಟ್ಟಿಯಾಗಿ ಇರಬೇಕು. ಆ ಅಧಿಕಾರ ಇರುವವರೆಗೆ ನಾವು ಹೋಗಿ ಕೇಳಲು ಒಂದು ಕಚೇರಿ ಇರುತ್ತದೆ.

ಕೇಳುವುದು ಹೇಗೆ? ಇಲ್ಲಿಯೇ ಸಂಘದ ಕೆಲಸ ಬರುತ್ತದೆ ಎಂದು ನನ್ನ ವಿನಂತಿ. "ನಮ್ಮ ಏರಿಯಾಕ್ಕೆ ಬಸ್ಸು ಬಿಡಿ" ಎಂದು ಬರೆದು ಐವತ್ತು ಸಹಿ ಹಾಕಿದ ಮನವಿ ಎಲ್ಲ ಕಚೇರಿಗಳಲ್ಲೂ ರಾಶಿ ಬಿದ್ದಿರುತ್ತದೆ. ಬೆಂಗಳೂರು ಬಸ್ ಪ್ರಯಾಣಿಕರ ವೇದಿಕೆಯಂಥವರು ದರ ಮತ್ತು ಸೇವೆಯ ವಿಷಯದಲ್ಲಿ ಅಂಕಿಸಂಖ್ಯೆ ಇಟ್ಟುಕೊಂಡು ವಾದಿಸಿದ್ದನ್ನು ನಾವು ನೋಡಿದ್ದೇವೆ. ಅದೇ ದಾರಿ ನಮಗೂ ಸರಿ. ಪ್ರತಿ ಜೂನ್‌ನಲ್ಲಿ ನಮ್ಮ ಶಾಲೆ, ಹಾಸ್ಟೆಲು, ಟ್ಯೂಷನ್ ಕೇಂದ್ರಗಳ ಮಕ್ಕಳಿಂದ ಮೂರು ವಿವರ ಬರೆಸಿಕೊಳ್ಳೋಣ: ಮನೆಯ ಹತ್ತಿರದ ಸ್ಟಾಪು, ಕಾಲೇಜಿನ ಹತ್ತಿರದ ಸ್ಟಾಪು, ತರಗತಿ ಬಿಡುವ ಸಮಯ. ಇನ್ನೂರು ಮಕ್ಕಳ ಪಟ್ಟಿ ಸೇರಿದರೆ, ಯಾವ ಕಾಲೇಜಿನ ಸ್ಟಾಪಿನಲ್ಲಿ ಎಷ್ಟು ಗಂಟೆಗೆ ನಮ್ಮ ಕಡೆಯ ಎಷ್ಟು ಮಕ್ಕಳು ನಿಂತಿರುತ್ತಾರೆ ಎಂಬುದು ಒಂದೇ ಹಾಳೆಯಲ್ಲಿ ಕಾಣುತ್ತದೆ. ಡಿಪೋದ ಪುಸ್ತಕದಲ್ಲಿ ಇಲ್ಲ ಎಂದು ಮೊದಲು ಹೇಳಿದೆನಲ್ಲ, ಆ ಅಂಕಣ ಇದೇ.

ಜೊತೆಗೆ ಒಂದು ವಾರದ ಎಣಿಕೆ ಬೇಕು. ಒಂಬತ್ತು, ಹತ್ತನೆಯ ತರಗತಿಯವರು ಇಬ್ಬಿಬ್ಬರಾಗಿ, ಮನೆಯವರಿಗೆ ತಿಳಿಸಿ, ತಮ್ಮ ಸ್ಟಾಪಿನಲ್ಲಿ ಸಾಯಂಕಾಲ ನಾಲ್ಕರಿಂದ ಆರರವರೆಗೆ ಕುಳಿತುಕೊಳ್ಳಲಿ. ಹಾಳೆಯಲ್ಲಿ ಐದು ಗೆರೆ ಎಳೆದುಕೊಳ್ಳಿ: ಬಸ್ಸಿನ ನಂಬರು, ಬಂದ ಸಮಯ, ನಿಲ್ಲಿಸಿತೋ ಇಲ್ಲವೋ, ಹತ್ತಿದವರೆಷ್ಟು, ಹತ್ತಲಾಗದೆ ಉಳಿದವರೆಷ್ಟು. ನಮ್ಮ ಬಿ.ಎಂ.ಟಿ.ಸಿ. ಆಪ್ 2023ರಿಂದ ಇದೆ, ಅದರಲ್ಲಿ ಕಾಣುವ ಸಮಯವನ್ನೂ ಪಕ್ಕದಲ್ಲಿ ಬರೆಯಿರಿ. ಊಹೆ ಬೇಡ, ಕಂಡದ್ದಷ್ಟೇ. ಏಳು ದಿನದ ಹಾಳೆಗಳನ್ನು ನನಗೆ ತಂದುಕೊಟ್ಟರೆ ಕನ್ನಡದಲ್ಲಿ ಅರ್ಜಿ ಬರೆಯುವುದು ಹತ್ತನೆಯ ತರಗತಿಯ ಪತ್ರಲೇಖನದ ಅಭ್ಯಾಸವಾಗುತ್ತದೆ. ಒಂದು ಪ್ರತಿ ಡಿಪೋ ವ್ಯವಸ್ಥಾಪಕರಿಗೆ, ಇನ್ನೊಂದು ಶಾಂತಿನಗರದ ಕೇಂದ್ರ ಕಚೇರಿಯ ಸಂಚಾರ ವಿಭಾಗಕ್ಕೆ. ಎರಡಕ್ಕೂ ಸ್ವೀಕೃತಿ ಸಹಿ ಹಾಕಿಸಿಕೊಂಡು ತಾರೀಕು ಬರೆಸಿಕೊಳ್ಳಿ.